ಹಾಗ್‌ಬ್ಯಾಕ್ ಕಲ್ಲಿಗೆ ಸೀಮೆಸುಣ್ಣ ಬೇಡ

ಮಾನ್ಯರೇ,

ಉತ್ತರ ಇಂಗ್ಲೆಂಡಿನ ‘ಹಾಗ್‌ಬ್ಯಾಕ್’ ಸಮಾಧಿ ಕಲ್ಲುಗಳನ್ನು ವೈಕಿಂಗರು ತವರಿನಿಂದ ತಂದ ಪದ್ಧತಿ ಎನ್ನುವುದುಂಟು. ಆದರೆ ಅವರ ತವರಾದ ಸ್ಕ್ಯಾಂಡಿನೇವಿಯಾದಲ್ಲಿ ಇಂಥವು ಸಿಕ್ಕಿಲ್ಲ. 10ನೇ ಶತಮಾನದಲ್ಲಿ ಬ್ರಿಟನ್ನಿನಲ್ಲೇ ಹುಟ್ಟಿದ ರೂಪವಿದು. ಸುಮಾರು ಒಂದೂವರೆ ಮೀಟರ್ ಉದ್ದ, ಮನೆಯ ಮಾಡಿನಂತೆ ಬಾಗಿದ ಬೆನ್ನು, ಇಕ್ಕೆಲದಲ್ಲಿ ಹೆಂಚಿನ ಸಾಲಿನ ಕೆತ್ತನೆ. ಯಾರ್ಕ್‌ಶೈರಿನ ಬ್ರಾಂಪ್ಟನ್ನಿನಲ್ಲಂತೂ ಬಾಯಿಗೆ ಪಟ್ಟಿ ಬಿಗಿದ ಕಲ್ಲಿನ ಕರಡಿಗಳು ಎರಡೂ ತುದಿಗಳನ್ನು ಅವುಚಿಕೊಂಡಿವೆ!

ಹೆಚ್ಚಿನವು ಮರಳುಗಲ್ಲು. ಕೆತ್ತನೆ ಕಾಣಲೆಂದು ಸೀಮೆಸುಣ್ಣ ತೀಡಬಾರದು, ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಲೇಬಾರದು: ಮರಳಿನ ಕಣ ಉದುರುತ್ತದೆ, ಹಳೆಯ ಬಣ್ಣದ ಕುರುಹಿದ್ದರೆ ಅದೂ ಹೋಗುತ್ತದೆ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ, ಬೆಳಕು ಕಲ್ಲಿನ ಮೈ ಸವರಿ ಹೋಗುವಂತೆ ಓರೆಯಾಗಿ ಹಿಡಿದರೆ ಸವೆದ ಹೆಣಿಗೆ ವಿನ್ಯಾಸವೂ ನೆರಳಾಗಿ ಏಳುತ್ತದೆ. ದಿಕ್ಕು ಬದಲಿಸಿ ಮತ್ತೆ ನೋಡಬೇಕು. ಬೆಳಕಿನ ದಿಕ್ಕಿಗೇ ಸಾಗುವ ಗೆರೆಗೆ ನೆರಳು ಬೀಳುವುದಿಲ್ಲ.

ಇತಿ,
ಶಿಲ್ಪಾಧ್ಯಯನಾಸಕ್ತ, ಮೈಸೂರು