ಮಳೆಗಾಲದಲ್ಲಿ ಲೈಟ್ ಮಿಣುಕುವ ಹಳೇ ಗಾಡಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹಳೇ ಜೀಪು, ಮಾರುತಿ 800ಗೆ ಫಾಗ್ ಲ್ಯಾಂಪ್, ಜೋರು ಹಾರ್ನ್ ಹಾಕಿಸಿಕೊಂಡವರು ದಯವಿಟ್ಟು ಪೂರ್ತಿ ಓದಿ.

ಹೋದ ವಾರ ರಾತ್ರಿ ಆಗುಂಬೆ ಘಾಟಿಯಲ್ಲಿ ನನ್ನ ಜೀಪಿನ ಹೆಡ್‌ಲೈಟ್ ಎರಡು ಸಲ ಆರಿ ಹೊತ್ತಿಕೊಂಡಿತು. ಆ ತಿರುವಿನಲ್ಲಿ, ಆ ಮಳೆಯಲ್ಲಿ! ಬೆಳಿಗ್ಗೆ ನೋಡಿದರೆ ಎಲ್ಲ ಸರಿ. ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡುವಾಗ 14. ಲೈಟ್ ಹಾಕಿಕೊಂಡು ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತಾ ಹೋದೆ. ಬ್ಯಾಟರಿಯ ಅರ್ಥ್ ವೈರ್ (ನೆಗೆಟಿವ್ ಕಡೆಯಿಂದ ಬರುವ ವೈರ್) ಬಾಡಿಗೆ ಸೇರುವ ಬೋಲ್ಟ್ ಮುಟ್ಟಿದ ಕೂಡಲೇ ಬೆಳಕು ಮಿಣುಕಿತು. ಬಿಚ್ಚಿದರೆ ವಾಷರ್ ಕೆಳಗೆ ತುಕ್ಕು, ವೈರಿನ ತುದಿಗೆ ಹಸಿರು ಕಿಲುಬು. ಉಪ್ಪು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ.

ಹಾಗಾಗಿ ಸುಮ್ನೆ ಬ್ಯಾಟರಿ ಬದಲಾಯಿಸಬೇಡಿ. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಾಡಿಗೆ ಹಿಡಿಯಿರಿ. ಲೈಟ್ ಉರಿಯುವಾಗ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅರ್ಥ್ ಕನೆಕ್ಷನ್ನೇ ಸರಿಯಿಲ್ಲ.

ಹೆಚ್ಚುವರಿ ಲೈಟಿಗೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟ್ ಆನ್ ಮಾಡುವ ಪುಟ್ಟ ಡಬ್ಬಿ) ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ಮಳೆಗೆ ತಡೆಯುವುದಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಹಾಕಲೇಬೇಡಿ, ಆಮೇಲೆ ವೈರೇ ಸುಡುತ್ತದೆ. ಅಡಿಕೆ ಶೆಡ್ಡಿನಲ್ಲಿ ನಿಲ್ಲಿಸುವವರಿಗೆ ಇಲಿ ಕಾಟ ಜಾಸ್ತಿ ಅಲ್ವಾ, ಬಾನೆಟ್ ಎತ್ತಿ ವೈರ್ ಕಡಿದಿದೆಯಾ ನೋಡಿ.

ತೀರ್ಥಹಳ್ಳಿ ಕಡೆಯವರು ಯಾರಿಗಾದರೂ ಮೀಟರ್ ಬೇಕಿದ್ದರೆ ಇಲ್ಲೇ ಹೇಳಿ, ಭಾನುವಾರ ತರುತ್ತೇನೆ.