ಸರ್ವರ್ ಬದಲಿಸುವ ಮುನ್ನ

ಚಿ. ಅನಘಾಳಿಗೆ ಚಿಕ್ಕಮ್ಮನ ಆಶೀರ್ವಾದಗಳು.

ವ್ಯಾಲರಂಟ್ ಎಂಬ ಆ ಆನ್‌ಲೈನ್ ಶೂಟಿಂಗ್ ಆಟದಲ್ಲಿ, ಆಟಗಾರರನ್ನು ಒಟ್ಟುಗೂಡಿಸುವ ಮುಂಬೈ ಸರ್ವರ್ ಬಿಟ್ಟು ಸಿಂಗಪುರದ ಸರ್ವರಿಗೆ ಹೋಗಲೇ ಎಂದು ನೀನು ಕೇಳಿದ್ದೀಯೆ. ಆದರೆ ನನ್ನ ಮನಸ್ಸು ಅದಕ್ಕೂ ಹಿಂದಿನ ಸಾಲಿನಲ್ಲೇ ನಿಂತುಬಿಟ್ಟಿತು: "ಈಗೀಗ ಮೈಕ್ ಆನ್ ಮಾಡುವುದನ್ನೇ ಬಿಟ್ಟಿದ್ದೇನೆ, ನಾನು ಹುಡುಗಿಯೆಂದು ಯಾರಿಗೂ ತಿಳಿಯದಿದ್ದರೆ ಆಟ ನೆಮ್ಮದಿಯಾಗಿ ಮುಗಿಯುತ್ತದೆ." ಆ ನೆಮ್ಮದಿ ನನಗೆ ಪರಿಚಿತವಾದದ್ದು, ಮಗಳೇ, ಅದಕ್ಕೇ ಹೆದರಿಕೆಯಾಯಿತು.

ನಮ್ಮ ಅಮೆರಿಕದ ವರ್ಷಗಳ ಕಥೆ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದೆಂದರೆ, 2006ರಲ್ಲಿ ನಾನು ಅಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುತ್ತಿದ್ದೆ. ಸರ್ವರಿಗೆ ಅಲ್ಲಿ ರೆಲ್ಮ್ ಎನ್ನುತ್ತಿದ್ದರು. ಎದುರು ಪಕ್ಷದವರು ಎಲ್ಲೆಂದರಲ್ಲಿ ಮೇಲೆ ಬಿದ್ದು ಕೊಲ್ಲಬಹುದಾದ ಪಿವಿಪಿ ರೆಲ್ಮ್‌ಗಳಿದ್ದವು, ಪಾತ್ರದ ಮಾತನ್ನೇ ಆಡಬೇಕೆಂಬ ರೋಲ್‌ಪ್ಲೇ ರೆಲ್ಮ್‌ಗಳಿದ್ದವು. ನಾನು ಜಗಳವಿಲ್ಲದ ಸಾಧಾರಣ ರೆಲ್ಮ್ ಆರಿಸಿಕೊಂಡಿದ್ದೆ. ಮೋಲ್ಟನ್ ಕೋರ್ ಎಂಬ ಶತ್ರುಗಳ ಗುಹೆಗೆ 40 ಜನರು ಒಟ್ಟಾಗಿ ಹೋಗುವಾಗ ಎಲ್ಲರೂ ವೆಂಟ್ರಿಲೋ ಎಂಬ ಧ್ವನಿ ಸಂಭಾಷಣೆಯ ತಂತ್ರಾಂಶದಲ್ಲಿ ಮಾತನಾಡುತ್ತಿದ್ದರು. ಗಾಯಗೊಂಡವರನ್ನು ಗುಣಪಡಿಸುವ ಪ್ರೀಸ್ಟ್ ಆಗಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡು ಉತ್ತರವನ್ನು ಟೈಪ್ ಮಾಡುತ್ತಿದ್ದೆ. ನನ್ನನ್ನು ಗಂಡಸೆಂದೇ ಅವರೆಲ್ಲ ತಿಳಿದಿದ್ದರು, ನಾನೂ ತಿದ್ದಲಿಲ್ಲ. ನಮ್ಮ ಗಿಲ್ಡ್, ಅಂದರೆ ಒಟ್ಟಿಗೆ ಆಡುವವರ ಕೂಟ, ಒಡೆದು ಎಲ್ಲರೂ ಚದುರಿದ ದಿನ ಅವರು ಪ್ರೀತಿಯಿಂದಲೇ ವಿದಾಯ ಹೇಳಿದರು, ಆದರೆ ಹೇಳಿದ್ದು ನನಗಲ್ಲ. ಅವರಲ್ಲಿ ಯಾರಿಗೂ ನನ್ನ ದನಿ ಹೇಗಿತ್ತೆಂದು ಗೊತ್ತಿರಲಿಲ್ಲ. ನೀನು ಬರೆದ ಸಾಲನ್ನು ಓದಿದಾಗ ನೆನಪಾದದ್ದು ಅದೇ.

ಹಾಗೆಂದು ಅಂದಿನ ರೆಲ್ಮ್ ಕೆಟ್ಟದಾಗಿರಲಿಲ್ಲ. ಯಾರಾದರೂ ಇತರರಿಗೆ ಸಲ್ಲಬೇಕಾದ ವಸ್ತುವನ್ನು ಎತ್ತಿಕೊಂಡು ಹೋದರೆ ಆ ಹೆಸರು ಬೇಗನೆ ಉಳಿದ ಗಿಲ್ಡ್‌ಗಳಿಗೂ ತಲುಪುತ್ತಿತ್ತು, ಆಮೇಲೆ ಅವನನ್ನು ತಂಡಕ್ಕೆ ಸೇರಿಸಿಕೊಳ್ಳಲು ಜನ ಹಿಂಜರಿಯುತ್ತಿದ್ದರು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಎಂಬ ತಂಡ ಕಟ್ಟುವ ಸೌಲಭ್ಯ ಬಂದು, ಬೇರೆ ಬೇರೆ ರೆಲ್ಮ್‌ಗಳವರನ್ನು ಗುಂಡಿ ಒತ್ತಿದೊಡನೆ ಒಂದುಗೂಡಿಸತೊಡಗಿದ ಮೇಲೆ ತಂಡ ಕಟ್ಟಲು ಕಾಯುವ ಕಷ್ಟ ತಪ್ಪಿತು, ಮರುದಿನ ಮುಖ ತೋರಿಸಬೇಕಾದ ಹಂಗೂ ತಪ್ಪಿತು. ನಿನ್ನ ಆಟದಲ್ಲಿ ಆ ಹಂಗು ಮೊದಲಿನಿಂದಲೂ ಇಲ್ಲ. ಐವರ ಎರಡು ತಂಡಗಳಾಗಿ 10 ಜನ ಅಪರಿಚಿತರು ಸುಮಾರು 40 ನಿಮಿಷ ಸೇರಿ ಚದುರುತ್ತಾರೆ. ನಿನ್ನ ದನಿ ಕೇಳಿದೊಡನೆ ಹೊಲಸು ಮಾತಾಡಿದವನು ನಾಳೆ ನಿನಗೆ ಸಿಗುವುದೇ ಅಪರೂಪ. ಸಿಂಗಪುರದಲ್ಲಿಯೂ ಏರ್ಪಾಡು ಇದೇ. ಪಿಂಗ್, ಅಂದರೆ ಸರ್ವರಿಗೆ ಸಂದೇಶ ಹೋಗಿ ಮರಳಲು ಹಿಡಿಯುವ ಸಮಯ, ಹೆಚ್ಚಾಗುವುದಂತೂ ಖಂಡಿತ, ಭಾರತದವಳೆಂದು ಹಂಗಿಸುವವರೂ ಅಲ್ಲಿ ಸಿಗಬಹುದು. ನೀನು ಅಲ್ಲಿಯೂ ಮೈಕ್ ಮುಚ್ಚಿಕೊಂಡೇ ಕೂತರೆ ಹೋದದ್ದರಿಂದ ಏನು ಬಂತು?

ನಾನು ಹೇಳುವುದು ಹಳೆಯ ಕಾಲದ ಮಾತೆನಿಸಬಹುದು, ಆದರೂ ಸರ್ವರಿಗಿಂತ ಮೊದಲು ನಾಲ್ವರನ್ನು ಹುಡುಕು. ಐವರೂ ಪರಿಚಿತರಾದರೆ ತಂಡದ ವಾಯ್ಸ್ ಚಾಟ್‌ನಲ್ಲಿ ಅಪರಿಚಿತನಿಗೆ ಜಾಗವೇ ಇರುವುದಿಲ್ಲ, ಮುಂಬೈಯ ಕಡಿಮೆ ಪಿಂಗನ್ನೂ ಕಳೆದುಕೊಳ್ಳಬೇಕಾಗಿಲ್ಲ. ನಿನ್ನ ಆಟದಲ್ಲೇ ಮಹಿಳೆಯರಿಗಾಗಿ 2021ರಲ್ಲಿ ಆರಂಭವಾದ ಗೇಮ್ ಚೇಂಜರ್ಸ್ ಸ್ಪರ್ಧೆಗಳನ್ನು ನೋಡುವವರ ನಡುವೆ ನಿನ್ನಂಥವರು ಸಿಕ್ಕಾರು. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಬ್ಬಳೇ ಆಡುವ ದಿನ ಬೈದವನನ್ನು ಮ್ಯೂಟ್ ಮಾಡು, ರಿಪೋರ್ಟ್ ಮಾಡು, ಆದರೆ ಅವನಿಗಾಗಿ ನಿನ್ನ ಮೈಕನ್ನು ಮುಚ್ಚಬೇಡ. ದಣಿದಿರುವ ದಿನ ಮುಚ್ಚಿದರೆ ತಪ್ಪೇನೂ ಇಲ್ಲ, ಆಟವಿರುವುದು ಹೋರಾಟಕ್ಕಲ್ಲ. ಅದು ಅಭ್ಯಾಸವಾಗಿಬಿಡುವುದೆಂಬುದೊಂದೇ ನನ್ನ ಭಯ. ನನಗೆ ಆದದ್ದು ಹಾಗೆಯೇ, ಆಮೇಲೆ ಆಫೀಸಿನ ಕಾನ್ಫರೆನ್ಸ್ ಕಾಲ್‌ಗಳಲ್ಲೂ ನಾನು ಬಹಳ ಕಾಲ ಚಾಟ್‌ನಲ್ಲಿ ಬರೆಯುವವಳಾಗಿಯೇ ಉಳಿದೆ.

ಸಿಂಗಪುರವನ್ನು ನೋಡಲೇಬೇಕೆಂದಿದ್ದರೆ ರ‍್ಯಾಂಕ್ ಕಳೆಯದ ಅನ್‌ರೇಟೆಡ್ ಪಂದ್ಯಗಳಲ್ಲಿ ಮೊದಲು ಆಡಿ ನೋಡು. ಯಾರಾದರೂ ಬೆದರಿಸಿದ್ದರೆ ಅದರ ರೆಕಾರ್ಡಿಂಗ್ ಇಟ್ಟುಕೋ, ಅಮ್ಮನಿಗೆ ಹೇಳಲು ಸಂಕೋಚವಾದರೆ ನನಗೆ ಕಳುಹಿಸು. ಆ ಮಾತುಗಳನ್ನು ನಿನ್ನ ಪತ್ರದಲ್ಲಿ ನೀನು ಬರೆಯದೆ ಬಿಟ್ಟದ್ದು ನನ್ನ ಗಮನಕ್ಕೆ ಬಂದಿದೆ.

ಇಂತಿ,
ನಿನ್ನ ಚಿಕ್ಕಮ್ಮ