ಡಿ ಸಿಕಾ ಪುಸ್ತಕ ಅಚ್ಚಿಗೆ ಹೋಯಿತು

ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಅವರ ಬದುಕು ಮತ್ತು ಸಿನಿಮಾ ಕುರಿತು ನಾನು ಬರೆದ ಪುಸ್ತಕ ಕೊನೆಗೂ ಅಚ್ಚಿಗೆ ಹೋಗಿದೆ. ನಡುವೆ ಯಜಮಾನರ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಬರವಣಿಗೆ ಪೂರ್ತಿ ನಿಂತೇಹೋಗಿತ್ತು. ಆಗ ಆಸ್ಪತ್ರೆಗೆ ಬುತ್ತಿ ತಂದುಕೊಟ್ಟ ನೆರೆಮನೆಯವರಿಗೆ ನನ್ನ ಮೊದಲ ನಮಸ್ಕಾರ.

1901ರಲ್ಲಿ ಸೋರಾದಲ್ಲಿ ಹುಟ್ಟಿದ ಡಿ ಸಿಕಾ ಮೊದಲಿಗೆ ಹಾಡಿ ನಗಿಸುವ ಜನಪ್ರಿಯ ನಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಮನುಷ್ಯ ಬೀದಿಯಲ್ಲಿ ಬೂಟು ಪಾಲಿಶ್ ಮಾಡುವ ಹುಡುಗರ ಕಥೆ ಹೇಳಿದರು. 1948ರ ‘ಬೈಸಿಕಲ್ ಥೀವ್ಸ್’ಗೆ ಹಾಲಿವುಡ್ ನಿರ್ಮಾಪಕರೊಬ್ಬರು ಅಲ್ಲಿನ ದೊಡ್ಡ ತಾರೆ ಕ್ಯಾರಿ ಗ್ರಾಂಟ್ ನಾಯಕನಾಗಲಿ ಎಂದಾಗ ಒಪ್ಪದೆ, ಲ್ಯಾಂಬರ್ಟೊ ಮ್ಯಾಜಿಯೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನು ಆರಿಸಿಕೊಂಡರು. ಬೆನ್ನಿಗೆ ಚಿತ್ರಕಥೆಗಾರ ಚೆಸಾರೆ ಜವಾಟ್ಟಿನಿ ಇದ್ದರು. ನನ್ನ ಬೆನ್ನಿಗಿದ್ದವರು ಸಂಪಾದಕರು. ಡಿ ಸಿಕಾ ಬೇರೆಯವರ ಚಿತ್ರಗಳಲ್ಲಿ ನಟಿಸಿ ದುಡಿದದ್ದರ ಜೊತೆಗೆ ಜೂಜಿನ ಚಟವನ್ನೂ ಬರೆಯಲೇಬೇಕು ಎಂದು ಹಠ ಹಿಡಿದವರು ಅವರೇ. ಅದರಿಂದ ಪುಸ್ತಕಕ್ಕೆ ಜೀವ ಬಂತು.

ಅತ್ತೆಯವರ ಋಣ ಬೇರೆಯೇ. ನಾನು 1952ರ ‘ಉಂಬರ್ಟೊ ಡಿ’ ನೋಡುತ್ತಿದ್ದಾಗ ಅವರು ನಡುವೆ ಬಂದು ಕುಳಿತರು. ತೆರೆಯ ಮೇಲೆ ಮನೆಕೆಲಸದ ಹುಡುಗಿ ಬೆಳಗ್ಗೆ ಎದ್ದು ಗೋಡೆಯ ಇರುವೆಗಳಿಗೆ ನೀರು ಹಾಕುತ್ತಾಳೆ, ಕುಳಿತು ಕಾಫಿಬೀಜ ಬೀಸುತ್ತಾಳೆ, ಎದ್ದೇಳದೆ ಕಾಲು ಚಾಚಿ ತುದಿಬೆರಳಿನಿಂದ ಬಾಗಿಲು ದೂಡುತ್ತಾಳೆ. ಮಾತೇ ಇಲ್ಲ. ಅವಳು ಒಮ್ಮೆ ಹೊಟ್ಟೆ ಮುಟ್ಟಿಕೊಂಡದ್ದನ್ನು ಕಂಡು ಅತ್ತೆ, “ಬಸುರಿ ಇರಬೇಕು, ಪಾಪ. ಈ ಹುಡುಗಿಗೆ ಯಾರೂ ದಿಕ್ಕಿಲ್ಲವೇ?” ಎಂದರು. ಎರಡೂ ನಿಜ. ಆ ಅಧ್ಯಾಯವನ್ನು ಆ ಮಾತಿನಿಂದಲೇ ಆರಂಭಿಸಿದ್ದೇನೆ. ಡಿ ಸಿಕಾ ಆ ಚಿತ್ರವನ್ನು ತಮ್ಮ ತಂದೆಗೆ ಅರ್ಪಿಸಿದ್ದರು. ಈ ಪುಸ್ತಕ ಅತ್ತೆಯವರಿಗೆ ಅರ್ಪಣೆ.

ಸೋಫಿಯಾ ಲೊರೆನ್ ಅವರಿಗೆ ಆಸ್ಕರ್ ತಂದ ‘ಟೂ ವಿಮೆನ್’ ಮತ್ತು ಆ ಮೇಲಿನ ಹಗುರ ಚಿತ್ರಗಳನ್ನು ಮೂಗು ಮುರಿಯದೆ ನನ್ನೊಂದಿಗೆ ಚರ್ಚಿಸಿದ ಚಿತ್ರಸಮಾಜದ ಗೆಳೆಯರಿಗೆ, ಹಳೆಯ ಡಿವಿಡಿಗಳನ್ನು ಹುಡುಕಿಕೊಟ್ಟ ಗ್ರಂಥಪಾಲಕರಿಗೆ, ಕರಡು ತಿದ್ದಿದ ಮಗಳಿಗೆ ಹೃತ್ಪೂರ್ವಕ ಧನ್ಯವಾದ. ಪ್ರತಿಗಳು ಬಂದ ಕೂಡಲೇ ನಿಮ್ಮೆಲ್ಲರ ಮನೆಗೆ ನಾನೇ ತಂದುಕೊಡುತ್ತೇನೆ.